ಗಡ್ಡದ ಸೋಪು ಮೂಸಿದ ಒಂದು ವರ್ಷ

ನನಗೆ ಈ ಹುಚ್ಚು ಹಿಡಿಸಿದ್ದು ಪಕ್ಕದ ಮನೆಯ ಸುಬೇದಾರರು. ನಾವು ಮಡಿಕೇರಿಗೆ ವರ್ಗವಾಗಿ ಬಂದದ್ದು ಜೂನ್ ತಿಂಗಳಲ್ಲಿ. ಮಳೆ ಹಿಡಿದರೆ ಬಿಡುತ್ತಿರಲಿಲ್ಲ, ಕರೆಂಟ್ ಹೋದರೆ ಬರುತ್ತಿರಲಿಲ್ಲ. ನಾನು ವಾರಕ್ಕೆ ಎರಡು ಸಲ, ಬಳಸಿ ಬಿಸಾಡುವ ರೇಜರಿನಲ್ಲಿ ಹೇಗೋ ಕೆರೆದುಕೊಂಡು ಶಾಲೆಗೆ ಓಡುತ್ತಿದ್ದೆ. ಅವರು ಹಾಗಲ್ಲ. ಮಿಲಿಟರಿ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಬೆಳಗ್ಗೆ ಆರಕ್ಕೆ ಜಗಲಿಯ ಕಂಬಕ್ಕೆ ಕನ್ನಡಿ ತೂಗುಹಾಕಿ, ಲೋಟದಲ್ಲಿ ಬಿಸಿನೀರು ಇಟ್ಟುಕೊಂಡು, ನಿಧಾನಕ್ಕೆ ಬ್ರಶ್ ತಿರುಗಿಸುತ್ತಾ ನಿಂತಿರುತ್ತಿದ್ದರು. ಒಂದು ದಿನ ನನ್ನ ಕುತ್ತಿಗೆಯ ಕೆಂಪು ಗುಳ್ಳೆಗಳನ್ನು ನೋಡಿ ಕೇಳಿದರು: "ಎಂತ ಮಾಷ್ಟ್ರೇ, ನೀವು ಗಡ್ಡ ತೆಗೆಯುವುದೋ, ತೋಟದ ಕಳೆ ಹೊಡೆಯುವುದೋ?"

ಮೊದಲ ಪಾಠ ಅದೇ ಜಗಲಿಯಲ್ಲಾಯಿತು. ಎರಡು ಬದಿಯ ಬ್ಲೇಡ್ ಹಾಕುವ ಹಳೇ ಕಾಲದ ರೇಜರ್. ಜಿಲೆಟ್ ಅನ್ನುವಾತ ಅಮೆರಿಕದಲ್ಲಿ 1904ರಲ್ಲಿ ಪೇಟೆಂಟ್ ಮಾಡಿಸಿದ ಉಪಾಯ ಇವತ್ತಿಗೂ ಹೆಚ್ಚುಕಡಿಮೆ ಹಾಗೇ ಇದೆ. ಒತ್ತಬಾರದು, ರೇಜರಿನ ತೂಕವೇ ಸಾಕು. ಬ್ಲೇಡು ಚರ್ಮಕ್ಕೆ ಸುಮಾರು 30 ಡಿಗ್ರಿ ಓರೆಯಾಗಿರಬೇಕು. ಮೊದಲು ಕೂದಲು ಬೆಳೆದ ದಿಕ್ಕಿಗೆ ಒಂದು ಸುತ್ತು, ಮತ್ತೆ ನೊರೆ ಹಚ್ಚಿ ಅಡ್ಡಕ್ಕೆ ಇನ್ನೊಂದು. ನನ್ನ ಕುತ್ತಿಗೆಯ ಕೂದಲು ಕೆಳಗಿನಿಂದ ಮೇಲಕ್ಕೆ ಬೆಳೆಯುತ್ತದೆ ಅನ್ನುವುದು ನನಗೆ ಗೊತ್ತಾದದ್ದು 38ನೇ ವಯಸ್ಸಿನಲ್ಲಿ. ಅಷ್ಟು ವರ್ಷ ಉಲ್ಟಾ ಎಳೆದಿದ್ದೆ. ಗುಳ್ಳೆ ಏಳದೆ ಇನ್ನೇನು?

ರೇಜರ್, ಬ್ಲೇಡು, ಕೊನೆಗೆ ಉಜ್ಜುವ ಪಟಿಕದ ತುಂಡು, ಇವೆಲ್ಲ ಒಂದು ತಿಂಗಳಲ್ಲಿ ಒಂದು ಹದಕ್ಕೆ ಬಂದವು. ಸೋಪು ಮಾತ್ರ ಇನ್ನೂ ಬಂದಿಲ್ಲ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವನು. ಸೋಪಿನ ಪಾಠ, ಗಡಸು ನೀರಿನ ಪ್ರಯೋಗ ಎಲ್ಲ ಪ್ರತಿ ವರ್ಷ 10ನೇ ತರಗತಿಗೆ ಮಾಡುತ್ತೇನೆ. ಆದರೆ ಅದು ಮುಖಕ್ಕೆ ಬಂದು ತಗುಲಿದ್ದು ಇಲ್ಲೇ. ನನ್ನ ಊರು ಕೋಲಾರದ ಕಡೆ. ಅಲ್ಲಿ ಬೋರ್‌ವೆಲ್ ನೀರು. ಆ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಬಿಳಿ ಗಸಿಯಾಗುತ್ತದೆ, ನೊರೆ ಏಳುವುದಿಲ್ಲ. ಇಲ್ಲಿ ನಮಗೆ ಬರುವುದು ಗುಡ್ಡದ ಊಟೆಯ ನೀರು, ಮಳೆಗಾಲದಲ್ಲಂತೂ ಸೂರಿನ ನೀರೇ ಸಾಕು. ಎಷ್ಟು ಮೆದು ಅಂದರೆ ಅಗ್ಗದ ಕ್ರೀಮಿನಲ್ಲೂ ನೊರೆ ಉಕ್ಕುತ್ತದೆ. ಹಾಗಾಗಿ ಮಡಿಕೇರಿಯಲ್ಲಿ ಕೂತು 'ಯಾವ ಸೋಪು ಜಾಸ್ತಿ ನೊರೆ ಕೊಡುತ್ತದೆ' ಅಂತ ಹೋಲಿಸುವುದರಲ್ಲಿ ಅರ್ಥವೇ ಇಲ್ಲ. ಎಲ್ಲವೂ ಪಾಸು. ಉಳಿಯುವುದು ವಾಸನೆ.

ಇದನ್ನು ಖಾತ್ರಿ ಮಾಡಿಕೊಳ್ಳಲು ಒಂದು ಸಲ ರಜೆಗೆ ಊರಿಗೆ ಹೋಗುವಾಗ ಬಾಟಲಿಯಲ್ಲಿ ಇಲ್ಲಿನ ನೀರು ತುಂಬಿಕೊಂಡು ಹೋದೆ. ಬ್ಯಾಗಿನಿಂದ ಬಾಟಲಿ ತೆಗೆದಾಗ ಅಮ್ಮ ಎರಡೂ ಕೈಯಲ್ಲಿ ಇಸ್ಕೊಂಡು, "ತಲಕಾವೇರಿ ತೀರ್ಥನೇನೋ?" ಅಂದಳು. ಗಡ್ಡಕ್ಕೆ ಅಂತ ಹೇಳುವ ಧೈರ್ಯ ಆಗಲಿಲ್ಲ. ಅರ್ಧ ಬಾಟಲಿ ದೇವರ ಮುಂದೆ ಹೋಯಿತು, ಅರ್ಧದಲ್ಲಿ ನನ್ನ ಪ್ರಯೋಗ ನಡೆಯಿತು. ಒಂದೇ ಸೋಪು, ಒಂದೇ ಬ್ರಶ್. ಇಲ್ಲಿನ ನೀರಿನಲ್ಲಿ ಮೊಸರಿನಂಥ ನೊರೆ, ಅಲ್ಲಿನ ನೀರಿನಲ್ಲಿ ಅಕ್ಕಿ ತೊಳೆದ ನೀರಿನಂತೆ ಬಿಳಿಚಿಕೊಂಡ ಗುಳ್ಳೆ. ವಾಸನೆಯೂ ಅಷ್ಟೇ, ನೊರೆ ನಿಲ್ಲದಿದ್ದರೆ ಅದೂ ನಿಲ್ಲುವುದಿಲ್ಲ.

ನೊರೆ ಮಾಡುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಎಡವುವುದು ಇಲ್ಲೇ. ಬ್ರಶ್ಶನ್ನು ಬಿಸಿನೀರಲ್ಲಿ ನೆನೆಸಿ, ಎತ್ತಿ, ಎರಡು ಸಲ ಕೊಡವಬೇಕು. ನೀರು ತೊಟ್ಟಿಕ್ಕಬಾರದು, ಪೂರಾ ಒಣಗಿರಲೂ ಬಾರದು. ಡಬ್ಬಿಯ ಸೋಪಿನ ಮೇಲೆ ಅರ್ಧ ನಿಮಿಷ ತಿರುಗಿಸಿದರೆ ಮೊದಲು ದೊಡ್ಡ ದೊಡ್ಡ ಗುಳ್ಳೆ ಬರುತ್ತದೆ. ಬಹಳ ಜನ ಅದನ್ನೇ ನೊರೆ ಅಂದುಕೊಂಡು ಬಳಿದುಕೊಳ್ಳುತ್ತಾರೆ. ಅದಲ್ಲ. ಇನ್ನೂ ತಿರುಗಿಸಿದರೆ ಗುಳ್ಳೆ ಮಾಯವಾಗಿ ಅಂಟು ಪೇಸ್ಟ್ ಆಗುತ್ತದೆ. ಈಗ ಒಂದು ಬಟ್ಟಲಿಗೆ ಹಾಕಿ, ಬೆರಳ ತುದಿಯಿಂದ ನಾಲ್ಕೈದು ಹನಿ ನೀರು ಚಿಮುಕಿಸಿ ಕಡೆಯಬೇಕು. ಮತ್ತೆ ಹನಿ, ಮತ್ತೆ ಕಡೆ. ಒಂದು ಹೊತ್ತಲ್ಲಿ ನೊರೆಗೆ ಹೊಳಪು ಬರುತ್ತದೆ, ಬ್ರಶ್ ಎತ್ತಿದರೆ ತುದಿ ಕೊಕ್ಕೆಯಂತೆ ಬಾಗಿ ನಿಲ್ಲುತ್ತದೆ. ಆ ಹೊಳಪೇ ಗುರುತು. ಹೊಳಪಿಲ್ಲದ ನೊರೆ ಎಷ್ಟು ದಪ್ಪ ಇದ್ದರೂ ಬ್ಲೇಡು ಜಾರುವುದಿಲ್ಲ. ಶೇವಿಂಗ್ ಸೋಪಿನಲ್ಲಿ ಸ್ಟಿಯರಿಕ್ ಆಮ್ಲ ಜಾಸ್ತಿ, ಕ್ಷಾರಕ್ಕೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿರುತ್ತಾರೆ. ನೊರೆ ಮೆತ್ತಗಾಗಿ, ಮುಖದ ಮೇಲೆ ಬೇಗ ಒಣಗದೆ ಇರುವುದು ಅದಕ್ಕೇ. ಸ್ನಾನದ ಸೋಪು ಸೋಡಿಯಂನದ್ದು. ಅದರ ನೊರೆ ಎಡಗೆನ್ನೆ ಮುಗಿಸುವಷ್ಟರಲ್ಲಿ ಬಲಗೆನ್ನೆಯಲ್ಲಿ ಒಣಗಿರುತ್ತದೆ.

ಹೋಲಿಕೆಗೆ ನಾನು ಮಾಡಿಕೊಂಡ ಕ್ರಮ ಇಷ್ಟು. ಒಂದು ಸೋಪಿಗೆ ಎರಡು ವಾರ. ಸೋಮವಾರ ಹೊಸ ಬ್ಲೇಡು. ಹಳೇ ಪಾಠ ಯೋಜನೆ ಪುಸ್ತಕದ ಹಿಂದಿನ ಪುಟದಲ್ಲಿ ಮೂರು ಗೀಟು: ಡಬ್ಬಿ ತೆರೆದಾಗಿನ ವಾಸನೆ, ನೊರೆಯಾದಾಗಿನ ವಾಸನೆ, ಹತ್ತು ಗಂಟೆಗೆ ಮೊದಲ ಪೀರಿಯಡ್ ಶುರುವಾಗುವಾಗ ಕೆನ್ನೆಯಲ್ಲಿ ಉಳಿದದ್ದು. ಈ ಮೂರೂ ಒಂದೇ ಆಗಿದ್ದ ಸೋಪು ನನಗೆ ಇವತ್ತಿನವರೆಗೂ ಸಿಕ್ಕಿಲ್ಲ. ಅಂಗಡಿಯಲ್ಲಿ ಡಬ್ಬಿ ಮೂಸಿ ತಗೊಳ್ಳುವುದು ಸುಮ್ನೆ ಮೋಸ ಹೋಗುವ ದಾರಿ.

ಮೊದಲು ಬಂದದ್ದು ಟರ್ಕಿಯ ಆರ್ಕೋ ಕಡ್ಡಿ. 75 ಗ್ರಾಂ, ಬಳಪದಂತೆ ಕಾಗದ ಸುತ್ತಿರುತ್ತದೆ, ನೇರವಾಗಿ ಒದ್ದೆ ಗಡ್ಡಕ್ಕೆ ಉಜ್ಜಿ ಬ್ರಶ್ ಆಡಿಸಿದರಾಯಿತು. ಬಟ್ಟಲು ಬೇಕಿಲ್ಲ. ವಾಸನೆ ಚುರುಕು. ನಿಂಬೆಹುಲ್ಲು ಜಜ್ಜಿ ಬಟ್ಟೆ ಸೋಪಿನ ಜೊತೆ ಇಟ್ಟಂತೆ. ನನ್ನ ಹೆಂಡತಿ, "ರೀ, ಬಚ್ಚಲು ತೊಳೆದಿರಾ?" ಅಂತ ಸಂತೋಷದಿಂದ ಕೇಳಿದಳು. ಆದರೆ ನಿಂಬೆ ಜಾತಿಯ ವಾಸನೆಗಳೆಲ್ಲ ಹಗುರ, ಬೇಗ ಹಾರಿಹೋಗುತ್ತವೆ. ಹತ್ತು ಗಂಟೆಯ ಗೀಟಿನಲ್ಲಿ 'ಏನಿಲ್ಲ' ಅಂತಲೇ ಬರೆದಿದ್ದೇನೆ, ಹದಿನಾಲ್ಕೂ ದಿನ. ನನಗದು ಇಷ್ಟವೇ ಆಯಿತು. ಮಳೆಗಾಲದ ಬೆಳಗ್ಗೆ ಗೋಡೆ, ಟವೆಲ್, ಬನಿಯನ್ ಎಲ್ಲ ಮುಗ್ಗುಲು ವಾಸನೆ ಹೊಡೆಯುವಾಗ ಆ ಚುರುಕೇ ಬೇಕು. ಒಂದು ಮಾತು: ಇದು ಪ್ರಾಣಿ ಕೊಬ್ಬಿನ ಸೋಪು. ಲೇಬಲ್ಲಿನಲ್ಲಿ 'ಟ್ಯಾಲೋಯೇಟ್' ಅಂತ ಕಂಡರೆ ಅದೇ ಅರ್ಥ. ಬೇಡ ಅನ್ನುವವರು ಹಸಿರು ಚುಕ್ಕೆ ನೋಡಿ ತಗೊಳ್ಳಿ.

ಆಮೇಲೆ ಇಟಲಿಯ ಪ್ರೊರಾಸೋ, ಹಸಿರು ಡಬ್ಬಿ. ನೀಲಗಿರಿ ಎಣ್ಣೆ ಮತ್ತು ಮೆಂಥಾಲ್. ಯುರೋಪಿನವರಿಗೆ ಇದು ಕ್ಷೌರದಂಗಡಿಯ ನೆನಪು ತರುತ್ತದಂತೆ. ನಮಗೆ? ಸುಬೇದಾರರು ಬೇಲಿಯಾಚೆಯಿಂದಲೇ ಮೂಗೇರಿಸಿ, "ಶೀತ ಆಗಿದೆಯಾ ಮಾಷ್ಟ್ರೇ?" ಅಂದರು. ಇಲ್ಲಿ ಪ್ರವಾಸಿಗರ ಅಂಗಡಿಗಳಲ್ಲಿ ಜೇನಿನ ಬಾಟಲಿ ಪಕ್ಕದಲ್ಲೇ ನೀಲಗಿರಿ ತೈಲ ಇಟ್ಟಿರುತ್ತಾರೆ. ನೆಗಡಿ ಬಂದರೆ ಬಿಸಿನೀರಿಗೆ ನಾಲ್ಕು ಹನಿ ಹಾಕಿ ಕಂಬಳಿ ಹೊದ್ದು ಹಬೆ ತಗೊಳ್ಳುವ ಊರು ಇದು. ಮೂಗು ಅದನ್ನು ಮದ್ದು ಅಂತಲೇ ಓದುತ್ತದೆ, ಏನು ಮಾಡಿದರೂ. ಎರಡು ವಾರದಲ್ಲಿ ನನಗೆ ರೂಢಿಯಾಯಿತು. ಏಪ್ರಿಲಿನಲ್ಲಿ ಬಹಳ ಹಿತ. ಡಿಸೆಂಬರಿನಲ್ಲಿ ಮಾತ್ರ ಬೇಡವೇ ಬೇಡ. ಮೆಂಥಾಲ್ ಚರ್ಮವನ್ನು ತಣ್ಣಗೆ ಮಾಡುವುದಿಲ್ಲ, ತಂಪನ್ನು ಗುರುತಿಸುವ ನರಗಳನ್ನು ಸುಳ್ಳೇ ಎಬ್ಬಿಸುತ್ತದೆ. ಮಂಜಿನ ಬೆಳಗ್ಗೆ, ಬಾಗಿಲ ಸಂದಿಯಿಂದ ಗಾಳಿ ನುಗ್ಗುತ್ತಿರುವಾಗ, ಆ ಸುಳ್ಳು ಹಲ್ಲು ಕಟಕಟ ಅನ್ನಿಸುವಷ್ಟು ನಿಜ.

ಗಂಧಕ್ಕೆ ನಾನು ಜಾಸ್ತಿ ದುಡ್ಡು ಸುರಿದೆ. ಲಂಡನ್ನಿನ ಟೇಲರ್ ಆಫ್ ಓಲ್ಡ್ ಬಾಂಡ್ ಸ್ಟ್ರೀಟ್ 1854ರಿಂದ ಇರುವ ಮನೆತನದ ಅಂಗಡಿ, ಅವರ 'ಸ್ಯಾಂಡಲ್‌ವುಡ್' ಕ್ರೀಮು 150 ಗ್ರಾಂ ಡಬ್ಬಿ. ತೆರೆದು ಮೂಸಿದೆ. ಗಂಧ ಎಲ್ಲಿ? ಮೊದಲು ಬಂದದ್ದು ಜೆರೇನಿಯಂ, ಲ್ಯಾವೆಂಡರ್. ಘಮ್ಮೆನ್ನುತ್ತದೆ, ಅನುಮಾನವಿಲ್ಲ. ಆದರೆ ಗಂಧ ಅಂದರೆ ನಮ್ಮ ಮೂಗಿಗೆ ಒಂದೇ ಅರ್ಥ: ಅಜ್ಜಿಯ ಪೆಟ್ಟಿಗೆ, ದೇವರ ಮನೆಯ ಸಾಣೆಕಲ್ಲು, ಮೈಸೂರ್ ಸ್ಯಾಂಡಲ್ ಸೋಪಿನ ಮೊಟ್ಟೆಯಾಕಾರದ ಬಿಲ್ಲೆ. ಬೆಂಗಳೂರಿನ ಸರ್ಕಾರಿ ಸಾಬೂನು ಕಾರ್ಖಾನೆ ಶುರುವಾಗಿ ನೂರು ವರ್ಷ ದಾಟಿತು. ಅಲ್ಲಿಂದೀಚೆಗೆ ನಾಲ್ಕು ತಲೆಮಾರು ಕನ್ನಡಿಗರ ಮೂಗಿಗೆ ಅದೇ ಅಳತೆಗೋಲು. ವಿದೇಶಿ ಗಂಧದ ಸೋಪುಗಳಲ್ಲಿ ಗಂಧ ಬಹುಪಾಲು ತಳದಲ್ಲಿ ಕೂತಿರುತ್ತದೆ, ಮೇಲೆ ಹೂವು, ಎಲೆ, ಕಸ್ತೂರಿ ಸೇರಿಸಿರುತ್ತಾರೆ. ಅದಕ್ಕೇ ನನ್ನ ಪುಸ್ತಕದಲ್ಲಿ ಇದರ ಮೂರನೇ ಗೀಟೇ ಉದ್ದ. ಏಳು ಗಂಟೆಗೆ ತೋಟದ ಹೂವು, ಹತ್ತು ಗಂಟೆಗೆ ಮರ. ಭಾರದ ವಾಸನೆ ನಿಧಾನಕ್ಕೆ ಏಳುತ್ತದೆ, ನಿಧಾನಕ್ಕೆ ಹೋಗುತ್ತದೆ. ಮಧ್ಯಾಹ್ನ ಉತ್ತರ ಪತ್ರಿಕೆ ತಿದ್ದುವಾಗ ಗಲ್ಲಕ್ಕೆ ಕೈ ಕೊಟ್ಟು ಕೂತರೆ ಇನ್ನೂ ಸಣ್ಣಗೆ ಬರುತ್ತಿತ್ತು. ಇಷ್ಟಾದರೂ ಒಳಗೊಂದು ಕೊರತೆ. ಮೈಸೂರ್ ಸ್ಯಾಂಡಲ್ಲನ್ನೇ ಬ್ರಶ್ಶಿಗೆ ಉಜ್ಜಿ ನೋಡಿದೆ, ತಡೆಯಲಾಗಲಿಲ್ಲ. ವಾಸನೆ ನೂರಕ್ಕೆ ನೂರು. ಸ್ನಾನಕ್ಕೆ ಮಾಡಿದ ಸೋಪು ಅದು, ಗಡ್ಡಕ್ಕೆ ಹಚ್ಚಿದ್ದು ನನ್ನ ತಪ್ಪು. ಈಗ ಉಪಾಯ ಹೀಗೆ: ಮೊದಲು ಅದರಲ್ಲಿ ಮುಖ ತೊಳೆಯುತ್ತೇನೆ, ಆಮೇಲೆ ವಾಸನೆಯಿಲ್ಲದ ಶೇವಿಂಗ್ ಸೋಪು ಹಚ್ಚುತ್ತೇನೆ.

ಮಿಲಾನಿನ ಚೆಲ್ಲಾ ಬಗ್ಗೆ ಹೇಳಲು ಹೆಚ್ಚಿಲ್ಲ. ಬಾದಾಮಿ ಹಾಲಿನ ವಾಸನೆ, ಮೆತ್ತಗೆ ಜಾಮಿನಂತಿರುತ್ತದೆ. ಹಸಿವಾಗುತ್ತದೆ.

ಒಂದು ಸಲ ಸರಿಯಾಗಿ ಬೆಂದೆ. ಕೈಯಲ್ಲಿ ಮಾಡಿದ 'ಮಸಾಲೆ' ಸೋಪು, ಎಲ್ಲಿಂದ ತರಿಸಿದೆ ಅನ್ನುವುದು ಬೇಡ. ಲವಂಗ, ದಾಲ್ಚಿನ್ನಿ. ಡಬ್ಬಿ ತೆರೆದರೆ ಕ್ರಿಸ್‌ಮಸ್ ಕೇಕು. ನೊರೆ ಹಚ್ಚಿ ಒಂದು ನಿಮಿಷಕ್ಕೆ ಕುತ್ತಿಗೆ ಚುರುಗುಟ್ಟಿತು, ಎರಡು ನಿಮಿಷಕ್ಕೆ ಮೆಣಸಿನಪುಡಿ ಹಚ್ಚಿದ ಹಾಗೆ. ಈ ಎಣ್ಣೆಗಳು ಚರ್ಮ ಕೆರಳಿಸುತ್ತವೆ ಅಂತ ಗೊತ್ತಿರಬೇಕಾದ ವಿಜ್ಞಾನದ ಮೇಷ್ಟ್ರು ನಾನು. ಆ ದಿನ ಶಾಲೆಗೆ ಮಫ್ಲರ್ ಸುತ್ತಿಕೊಂಡು ಹೋದೆ. ಈಗ ಹೊಸ ಸೋಪು ಬಂದರೆ ಮೊದಲು ಮೊಣಕೈಯ ಒಳಮಗ್ಗುಲಿಗೆ ಹಚ್ಚಿ ಒಂದು ದಿನ ಕಾಯುತ್ತೇನೆ.

ಬ್ರಶ್ಶಿನ ಕಥೆ ಬೇರೆಯೇ ಇದೆ. ನನ್ನ ಮೊದಲ ಬ್ರಶ್ ಹಂದಿ ಕೂದಲಿನದ್ದು. ಮಳೆಗಾಲದಲ್ಲಿ ಅದು ಒಣಗುವುದೇ ಇಲ್ಲ. ಮೂರನೇ ದಿನಕ್ಕೆ ಒದ್ದೆ ನಾಯಿ ವಾಸನೆ, ಯಾವ ಸೋಪು ಹಾಕಿದರೂ ಅದರಡಿ ನಾಯಿ. ಹೋಲಿಕೆಯೆಲ್ಲ ಕೆಟ್ಟಿತು. ಒಲೆಯ ಮೇಲಿನ ಅಟ್ಟದಲ್ಲಿ ತೂಗುಹಾಕಿದೆ. ಚೆನ್ನಾಗಿ ಒಣಗಿತು, ಆದರೆ ಗಂಧದ ಸೋಪಿಗೂ ಹೊಗೆ, ಬಾದಾಮಿಗೂ ಹೊಗೆ. ಇದನ್ನು ಸುಬೇದಾರರಿಗೆ ಹೇಳಿದರೆ ಅವರು ತೊಡೆ ತಟ್ಟಿಕೊಂಡು ನಕ್ಕರು. "ಒಳ್ಳೆಯದೇ ಆಯ್ತಲ್ಲ ಮಾಷ್ಟ್ರೇ, ಪಂದಿ ಇರಬೇಕಾದ್ದು ಒಲೆ ಮೇಲೆಯೇ!" ಆ ನಗು ಅಡುಗೆಮನೆಗೂ ಕೇಳಿಸಿತು. ಬ್ರಶ್ಶಿನ ಕೂದಲು ಯಾವುದರದ್ದು ಅಂತ ನಮ್ಮ ಸಸ್ಯಾಹಾರಿ ಮನೆಯಲ್ಲಿ ಗೊತ್ತಾದದ್ದು ಹಾಗೆ. ಸಂಜೆಯೊಳಗೆ ಬ್ರಶ್ ಅವರ ಮನೆ ಸೇರಿತು, ನಾನು ಸಿಂಥೆಟಿಕ್ ತರಿಸಿದೆ. ನಿಜ ಹೇಳಬೇಕೆಂದರೆ ಈ ಮಳೆಗೆ ಸಿಂಥೆಟಿಕ್ಕೇ ಸರಿ. ನಾಲ್ಕು ಸಲ ಕೊಡವಿದರೆ ನೀರು ಬಿಡುತ್ತದೆ, ಹಿಂದಿನ ದಿನದ ವಾಸನೆ ಹಿಡಿದಿಟ್ಟುಕೊಳ್ಳುವುದಿಲ್ಲ. ಸೋಪಿನ ಡಬ್ಬಿಯ ಮುಚ್ಚಳವನ್ನೂ ಒದ್ದೆ ಇರುವಾಗಲೇ ಹಾಕಬೇಡಿ. ಒಂದು ಡಬ್ಬಿಯಲ್ಲಿ ನನಗೆ ಬೂಷ್ಟು ಬಂದಿತ್ತು.

ಸದ್ಯಕ್ಕೆ ನಡೆಯುತ್ತಿರುವುದು ಹೀಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆರ್ಕೋ. ಚಳಿಗೆ ಗಂಧ. ಬಿಸಿಲಿಗೆ ನೀಲಗಿರಿ. ಮಧ್ಯೆ ಒಂದು ವಾರ ಮಾತ್ರ ಲೆಕ್ಕಕ್ಕೆ ಸಿಗುವುದಿಲ್ಲ. ಮಾರ್ಚ್ ಹೊತ್ತಿಗೆ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ತೋಟ ಬೆಳ್ಳಗಾಗುತ್ತದೆ. ಮನೆ ಹಿಂದೆಯೇ ತೋಟ. ಬಚ್ಚಲ ಕಿಟಕಿ ತೆಗೆದರೆ ಮಲ್ಲಿಗೆಯನ್ನು ಹೋಲುವ ಆ ವಾಸನೆ ಒಳಗೆ ಬಂದು ಕೂರುತ್ತದೆ. ಕಾಫಿ ಹೂವಿಗೆ ಕಾಫಿಯ ವಾಸನೆ ಇರುವುದಿಲ್ಲ, ಹೊರಗಿನಿಂದ ಬಂದವರಿಗೆ ಇದು ಗೊತ್ತಿರುವುದಿಲ್ಲ. ಹೋದ ವರ್ಷ ಆ ವಾರದಲ್ಲೇ ಟೇಲರ್ ಪ್ರಯೋಗ ನಡೆಯುತ್ತಿತ್ತು. ಪುಸ್ತಕದಲ್ಲಿ ನಾಲ್ಕು ದಿನ ಮೂರೂ ಗೀಟು ಖಾಲಿ ಇವೆ. ಈ ವರ್ಷ ಮಳೆ ಬಿದ್ದ ದಿನವೇ ವಾಸನೆಯಿಲ್ಲದ ಸೋಪು ತೆಗೆದಿಟ್ಟುಕೊಂಡೆ.