ಪಂಪ್ ಬದಲಿಸುವ ಮುನ್ನ ವೈರು ನೋಡಿ

ಸೆಲ್ಫ್ ಚೆನ್ನಾಗಿಯೇ ಹೊಡೆಯುತ್ತದೆ, ಎಂಜಿನ್ ಮಾತ್ರ ಹಿಡಿಯುವುದಿಲ್ಲ. ‘ಫ್ಯುಯೆಲ್ ಪಂಪ್ (ಟ್ಯಾಂಕಿನಿಂದ ಎಂಜಿನ್‌ಗೆ ಪೆಟ್ರೋಲ್ ತಳ್ಳುವ ಪಂಪ್) ಹೋಗಿದೆ’ ಎಂಬ ತೀರ್ಪು ಬೇಗ ಬರುತ್ತದೆ. ಕಳೆದ ಮಳೆಗಾಲದಲ್ಲಿ ನಮ್ಮ ಪಕ್ಕದ ಮನೆಯವರು ಆ ಮಾತು ನಂಬಿ ಹೊಸ ಪಂಪ್ ಹಾಕಿಸಿದರು. ಹದಿನೈದೇ ದಿನಕ್ಕೆ ಕಾರು ಮತ್ತೆ ನಿಂತಿತು. ಕೊನೆಗೆ ಸಿಕ್ಕಿದ್ದು ತುಕ್ಕು ಹಿಡಿದ ಒಂದು ಅರ್ತ್ ಬೋಲ್ಟ್, ಅಂದರೆ ಪಂಪಿನ ಕರೆಂಟ್ ಬ್ಯಾಟರಿಗೆ ಮರಳುವ ವೈರನ್ನು ಕಾರಿನ ಮೈಗೆ ಬಿಗಿಯುವ ಬೋಲ್ಟ್. ಇದನ್ನು ಮನೆಯಲ್ಲೇ ಪತ್ತೆ ಮಾಡಬಹುದಿತ್ತು. ಬೇಕಿದ್ದುದು ವೋಲ್ಟ್ ಅಳೆಯುವ ಒಂದು ಮಲ್ಟಿಮೀಟರ್, ಕೀ ತಿರುಗಿಸಲು ಇನ್ನೊಬ್ಬರು.

ಎಂಪಿಎಫ್‌ಐ (ಕಾರ್ಬುರೇಟರ್ ಇಲ್ಲದೆ ಇಂಜೆಕ್ಟರ್‌ಗಳಿಂದ ಪೆಟ್ರೋಲ್ ಸಿಂಪಡಿಸುವ) ಪೆಟ್ರೋಲ್ ಕಾರಿಗೆ ಈ ಕ್ರಮ. ಕಾರನ್ನು ಶೆಡ್ಡಿನಿಂದ ಬಯಲಿಗೆ ತಳ್ಳಿ, ಬಾಗಿಲುಗಳನ್ನು ತೆರೆದಿಡಿ. ಪೆಟ್ರೋಲ್ ವಾಸನೆ ಬರುತ್ತಿದ್ದರೆ ಯಾವ ವೈರನ್ನೂ ಮುಟ್ಟಬೇಡಿ, ಮೆಕ್ಯಾನಿಕ್‌ನನ್ನು ಕರೆಸಿ.

ಮೊದಲು ಸೆಲ್ಫ್ ಹೊಡೆಯದೆ ಕೀ ಮಾತ್ರ ಆನ್ ಮಾಡಿ, ಹಿಂದಿನ ಸೀಟಿನ ಹತ್ತಿರ ಕಿವಿಗೊಡಿ. ಸುಮಾರು ಎರಡು ಸೆಕೆಂಡ್ ಪಂಪಿನ ‘ಜುಂಯ್’ ಎಂಬ ಸದ್ದು ಬರಬೇಕು. ಬರದಿದ್ದರೆ ಬ್ಯಾಟರಿ 12.4 ವೋಲ್ಟ್‌ಗಿಂತ ಮೇಲಿದೆಯೇ ನೋಡಿ, ಪಂಪಿನ ಫ್ಯೂಸ್ ತೆಗೆದು ಪರೀಕ್ಷಿಸಿ, ಪಂಪಿನ ರಿಲೇ (ಪಂಪಿಗೆ ಕರೆಂಟ್ ಬಿಡುವ ವಿದ್ಯುತ್ ಸ್ವಿಚ್) ಜಾಗಕ್ಕೆ ಅದೇ ನಂಬರಿನ ಇನ್ನೊಂದು ರಿಲೇ ಹಾಕಿ ನೋಡಿ. ಫೋರ್ಡ್, ಫಿಯಟ್‌ನ ಕೆಲವು ಕಾರುಗಳಲ್ಲಿ ಡಿಕ್ಕಿಯಾದಾಗ ಪಂಪ್ ನಿಲ್ಲಿಸುವ ಸ್ವಿಚ್ ಇರುತ್ತದೆ. ದೊಡ್ಡ ಗುಂಡಿಗೆ ಬಿದ್ದರೂ ಅದು ಹಾರಬಹುದು, ಒತ್ತಿದರೆ ಸರಿಹೋಗುತ್ತದೆ. ಫ್ಯೂಸ್ ಮತ್ತೆ ಮತ್ತೆ ಹೋದರೆ ದೊಡ್ಡ ಆಂಪಿಯರ್‌ನದ್ದನ್ನು ಹಾಕಲೇಬೇಡಿ, ವೈರಿಂಗ್ ಸುಡುತ್ತದೆ. ಹೆಸರಿಲ್ಲದ ಅಗ್ಗದ ರಿಲೇಯೂ ಬೇಡ, ಕರೆಂಟ್ ಸೇರಿಸುವ ಅದರ ಪಾಯಿಂಟ್ ಬೇಗ ಕರಗುತ್ತದೆ.

ಹೆಚ್ಚಿನವರು ಎಡವುವುದು ಇದರ ಮುಂದೆ. ಅನೇಕ ಕಾರುಗಳಲ್ಲಿ ಹಿಂದಿನ ಸೀಟ್ ಎತ್ತಿದರೆ ಒಂದು ಮುಚ್ಚಳ, ಅದರಡಿ ಪಂಪಿನ ಕನೆಕ್ಟರ್ ಸಿಗುತ್ತದೆ. ದಪ್ಪ ವೈರು ಎರಡೂ ಪಂಪಿನವು, ಸಣ್ಣವು ಪೆಟ್ರೋಲ್ ಮಟ್ಟ ತೋರಿಸುವ ಮುಳ್ಳಿನವು. ಜನ ಕನೆಕ್ಟರ್ ಕಿತ್ತು ಮೀಟರ್ ಇಡುತ್ತಾರೆ. 12 ವೋಲ್ಟ್ ಕಂಡ ಕೂಡಲೇ ವೈರು ಸರಿಯಿದೆ, ಪಂಪೇ ಸತ್ತಿದೆ ಎಂದುಬಿಡುತ್ತಾರೆ. ಈ ಅಳತೆ ಮೋಸದ್ದು. ತೋಟದ ಪೈಪ್ ಎಲ್ಲೋ ಮಡಚಿದ್ದರೂ ತುದಿಯ ಜೆಟ್ ಮುಚ್ಚಿರುವಾಗ ಒತ್ತಡ ಪೂರ್ತಿ ಇರುತ್ತದೆ, ತೆರೆದಾಗಲೇ ನೀರು ಸೊರಗುವುದು. ಮೀಟರ್ ಎಳೆಯುವ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ, ಪಂಪಿಗೆ ನಾಲ್ಕೈದು ಆಂಪಿಯರ್ ಬೇಕು. ಇಲಿ ಕಡಿದು ಒಂದೇ ಎಳೆ ಉಳಿದ ವೈರೂ ಮೀಟರಿಗೆ 12 ತೋರಿಸುತ್ತದೆ.

ಆದ್ದರಿಂದ ಕನೆಕ್ಟರ್ ಹಾಕಿಯೇ ಇರಲಿ. ಅದರ ಹಿಂಬದಿಯಿಂದ, ಎರಡು ದಪ್ಪ ವೈರುಗಳ ಪಕ್ಕದಲ್ಲಿ, ಸಣ್ಣ ಗುಂಡುಸೂಜಿಗಳನ್ನು ತೂರಿಸಿ ಮೀಟರ್ ಜೋಡಿಸಿ; ಎರಡು ಸೂಜಿ ಒಂದಕ್ಕೊಂದು ತಾಗಬಾರದು. ಈಗ ಕೀ ಆನ್ ಮಾಡಿಸಿ. ಎರಡೇ ಸೆಕೆಂಡ್ ಸಮಯವಾದ್ದರಿಂದ ಮೂರ್ನಾಲ್ಕು ಸಲ ನೋಡಿ. ಬ್ಯಾಟರಿಗಿಂತ ಅರ್ಧ ವೋಲ್ಟ್ ಕಡಿಮೆ ಇದ್ದರೆ ಅಡ್ಡಿಯಿಲ್ಲ. ಎಂಟೊಂಬತ್ತಕ್ಕೆ ಇಳಿದರೆ ದೋಷ ಕರೆಂಟಿನ ದಾರಿಯಲ್ಲಿದೆ. ಯಾವ ದಾರಿ, ಬರುವುದೋ ಮರಳುವುದೋ? ಮೀಟರಿನ ಕಪ್ಪು ವೈರನ್ನು ಉದ್ದ ಮಾಡಿ ಬ್ಯಾಟರಿಯ ಮೈನಸ್‌ಗೆ, ಕೆಂಪನ್ನು ಪಂಪಿನ ಅರ್ತ್ ವೈರಿಗೆ ಹಿಡಿದು ಮತ್ತೆ ಕೀ ತಿರುಗಿಸಿ. 0.2 ವೋಲ್ಟ್ ದಾಟಿದರೆ ಅರ್ತ್ ಕೆಟ್ಟಿದೆ. ಅಲ್ಲಿ ಸರಿಯಿದ್ದರೆ ರಿಲೇಯಿಂದ ಪಂಪಿನವರೆಗಿನ ವೈರನ್ನು ಹುಡುಕಿ.

ಪೂರ್ತಿ ವೋಲ್ಟ್ ಬಂದೂ ಪಂಪ್ ಮೌನವಾಗಿದ್ದರೆ ಇನ್ನೊಂದು ಪರೀಕ್ಷೆ. ಕೀ ಆಫ್ ಮಾಡಿ, ಕನೆಕ್ಟರ್ ಕಳಚಿ, ಹೆಡ್‌ಲೈಟಿನ ಹಳೆಯ 55 ವ್ಯಾಟ್ ಬಲ್ಬನ್ನು ಉದ್ದ ವೈರಿನಲ್ಲಿ, ಕಾರಿನಿಂದ ಬರುವ ಕನೆಕ್ಟರ್‌ನ ಎರಡು ದಪ್ಪ ವೈರಿಗೆ ಸೇರಿಸಿ. ಬಲ್ಬ್ ಕಾರಿನಿಂದ ಹೊರಗೆ, ನೆಲದ ಮೇಲಿರಬೇಕು, ಅದು ವಿಪರೀತ ಕಾಯುತ್ತದೆ. ಕೀ ಆನ್ ಮಾಡಿದಾಗ ಬಲ್ಬ್ ಪ್ರಖರವಾಗಿ ಉರಿದರೆ ಪಂಪ್ ಹೋಗಿರುವುದು ನಿಜ. ಮಂಕಾದರೆ ವೈರು.

ಟ್ಯಾಂಕಿನ ತಳಕ್ಕೆ ಬಡಿದು ಸ್ಟಾರ್ಟ್ ಮಾಡುವ ಉಪಾಯ ಊರು ಸೇರುವಷ್ಟಕ್ಕೆ ಸಾಕು. ರಿಲೇ ಜಾಗದಲ್ಲಿ ವೈರು ಸಿಕ್ಕಿಸಿ ಓಡಿಸುವುದು ಅಪಾಯ, ಅಪಘಾತವಾದರೂ ಪಂಪ್ ಪೆಟ್ರೋಲ್ ಸುರಿಸುತ್ತಲೇ ಇರುತ್ತದೆ.

ಅರ್ತ್ ಬೋಲ್ಟನ್ನು ಮರಳು ಕಾಗದದಿಂದ ಉಜ್ಜಿ, ಬಿಗಿದು, ಮೇಲೆ ವ್ಯಾಸಲೀನ್ ಹಚ್ಚಿ. ಕಡಿದ ವೈರಿಗೆ ಕೈಯಲ್ಲಿ ತಿರುಚಿ ಟೇಪ್ ಸುತ್ತಬೇಡಿ, ಒಂದೇ ಮಳೆಗಾಲಕ್ಕೆ ಹಸಿರುಗಟ್ಟುತ್ತದೆ. ಕ್ರಿಂಪ್ ಮಾಡಿ, ಅಂದರೆ ಲೋಹದ ಕೊಳವೆಯಲ್ಲಿ ಸೇರಿಸಿ ಇಕ್ಕಳದಿಂದ ಅಮುಕಿ; ಟ್ಯಾಂಕಿನ ಹತ್ತಿರ ಬಿಸಿ ಬೆಸುಗೆ ಕಡ್ಡಿ ತರಬೇಡಿ. ಪಂಪೇ ಕೆಟ್ಟಿದ್ದರೆ ಬಿಚ್ಚುವ ಕೆಲಸ ಗ್ಯಾರೇಜಿಗೆ ಬಿಡಿ, ಲೈನಿನಲ್ಲಿ ಸುಮಾರು 3 ಬಾರ್ ಒತ್ತಡದ ಪೆಟ್ರೋಲ್ ಇರುತ್ತದೆ. ಹೋಗುವಾಗ ನೀವು ಅಳೆದ ವೋಲ್ಟ್‌ಗಳನ್ನು ಚೀಟಿಯಲ್ಲಿ ಬರೆದು ಮೆಕ್ಯಾನಿಕ್‌ನ ಕೈಗೆ ಕೊಡಿ.