ಎರಡು ವಿಮಾನ ನಿಲ್ದಾಣಗಳ ನಡುವಿನ ದೂರ: ಕಾಗದದ ಮೇಲೆ ಲೆಕ್ಕ ಹಾಕುವುದು ಹೇಗೆ?

‘ಬಳ್ಳಾರಿಯಿಂದ ಹುಬ್ಬಳ್ಳಿಗೆ ವಿಮಾನದಲ್ಲಿ ಇಪ್ಪತ್ತೇ ನಿಮಿಷ’ ಎಂದು ನಮ್ಮ ಭಾವ ಮದುವೆ ಮನೆಯಲ್ಲಿ ಮೊಬೈಲ್ ತೋರಿಸಿ ವಾದಿಸಿದರು. ಟಿಕೆಟ್ ಸಿಗುತ್ತದೆಯೇ ಎಂಬುದು ಆಮೇಲಿನ ಮಾತು. ಅವರ ಲೆಕ್ಕ ಅರ್ಧ ದಾರಿಯಲ್ಲೇ ನಿಂತಿತ್ತು.

ಮೊದಲು, ಯಾವ ನಿಲ್ದಾಣ ಎಂಬುದನ್ನು ಖಚಿತಪಡಿಸಿಕೊಳ್ಳಿ. ಪ್ರಯಾಣಿಕರ ವಿಮಾನ ಇಳಿಯುವುದು ತೋರಣಗಲ್ಲಿನ ವಿದ್ಯಾನಗರ ನಿಲ್ದಾಣದಲ್ಲಿ; ಅದರ ಸಂಕೇತ ವಿಡಿವೈ. ಬಿಇಪಿ ಎಂದರೆ ಬಳ್ಳಾರಿ ಊರಿನ ಹಳೆಯ ಏರ್‌ಸ್ಟ್ರಿಪ್. ದೂರ ಹೇಳುವ ಜಾಲತಾಣದಲ್ಲಿ ‘ಬಳ್ಳಾರಿ’ ಎಂದು ಒತ್ತಿದರೆ ಇದೇ ಬರಬಹುದು. ಆಗ ಹುಬ್ಬಳ್ಳಿ 26 ಕಿ.ಮೀ. ದೂರ ಸರಿಯುತ್ತದೆ.

ಎರಡೂ ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಬರೆದುಕೊಳ್ಳಿ. ವಿದ್ಯಾನಗರ: 15°11′, 76°38′. ಹುಬ್ಬಳ್ಳಿ: 15°22′, 75°05′.

ಎಲ್ಲರೂ ಎಡವುವುದು ಇಲ್ಲಿ. 76°38′ ಕಂಡ ಕೂಡಲೇ ಕ್ಯಾಲ್ಕುಲೇಟರ್‌ನಲ್ಲಿ 76.38 ಎಂದು ಒತ್ತುತ್ತಾರೆ. ಆ 38 ದಶಮಾಂಶವಲ್ಲ, ಡಿಗ್ರಿಯನ್ನು 60 ಪಾಲು ಮಾಡಿದಾಗ ಸಿಗುವ ನಿಮಿಷ. ಚುಕ್ಕಿ ಇಟ್ಟು ಕಳೆದರೆ 1.33 ಡಿಗ್ರಿ ಬರುತ್ತದೆ. ನಿಜವಾದ ಅಂತರ 1°33′, ಅಂದರೆ 93 ನಿಮಿಷ. ಚುಕ್ಕಿ ಇಟ್ಟವರಿಗೆ ಕೊನೆಗೆ 168 ಕಿ.ಮೀ. ಬದಲು 143 ಸಿಗುತ್ತದೆ. ಆದ್ದರಿಂದ ದಶಮಾಂಶದ ಗೊಡವೆಯೇ ಬೇಡ, ಎಲ್ಲವನ್ನೂ ನಿಮಿಷದಲ್ಲೇ ಇಟ್ಟುಕೊಳ್ಳಿ. ಅದರಲ್ಲೊಂದು ಲಾಭವೂ ಇದೆ: ಅಕ್ಷಾಂಶದ ಒಂದು ನಿಮಿಷವೆಂದರೆ ಹೆಚ್ಚು ಕಡಿಮೆ ಒಂದು ನಾಟಿಕಲ್ ಮೈಲಿ, 1.852 ಕಿ.ಮೀ. ಉತ್ತರ–ದಕ್ಷಿಣದ ಅಂತರ 11 ನಿಮಿಷವಾದರೆ 11 ನಾಟಿಕಲ್ ಮೈಲಿ, ಅಷ್ಟೇ.

ರೇಖಾಂಶಕ್ಕೆ ಈ ಸಲುಗೆ ಇಲ್ಲ. ರೇಖಾಂಶಗಳು ಧ್ರುವದತ್ತ ಹೋದಂತೆ ಒಂದಕ್ಕೊಂದು ಹತ್ತಿರವಾಗುತ್ತವೆ. ಆದ್ದರಿಂದ 93ನ್ನು 15 ಡಿಗ್ರಿಯ ಕೊಸೈನ್ 0.966ರಿಂದ ಗುಣಿಸಬೇಕು. ಸುಮಾರು 90 ಬರುತ್ತದೆ. ಇನ್ನು ಶಾಲೆಯಲ್ಲಿ ಕಲಿತ ಪೈಥಾಗೊರಸ್: 11ರ ವರ್ಗ, 90ರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ 90.7 ನಾಟಿಕಲ್ ಮೈಲಿ, ಅಂದರೆ 168 ಕಿ.ಮೀ. ದೂರದ ದೇಶಗಳಿಗೆ ಈ ವಿಧಾನ ಸಾಲದು, ನಮ್ಮ ಜಿಲ್ಲೆಗಳ ಮಟ್ಟಿಗೆ ಧಾರಾಳ. ವರ್ಗಮೂಲವೆಂದರೆ ಬೇಸರವೇ? ಗೂಗಲ್ ನಕಾಶೆಯಲ್ಲಿ ದೂರ ಅಳೆಯುವ ಸೌಲಭ್ಯ ಬಳಸಿ. ಆದರೆ ಬೆರಳು ರನ್‌ವೇ ಮೇಲಿರಲಿ, ಊರಿನ ಹೆಸರಿನ ಮೇಲಲ್ಲ.

ಕೊನೆಗೆ ಸಮಯ. ಎಟಿಆರ್ 72 ಎಂಬ ಸಣ್ಣ ಪ್ರೊಪೆಲ್ಲರ್ ವಿಮಾನ ಗಂಟೆಗೆ ಸುಮಾರು 500 ಕಿ.ಮೀ. ಹಾರುತ್ತದೆ, 168 ಕಿ.ಮೀ.ಗೆ ಇಪ್ಪತ್ತು ನಿಮಿಷ. ಭಾವನವರು ಇಲ್ಲಿಗೇ ನಿಲ್ಲಿಸಿದ್ದರು. ನೆಲದ ಮೇಲೆ ಓಡಾಡುವುದು, ಏರುವುದು, ಸುತ್ತಿ ಇಳಿಯುವುದು ಇವಕ್ಕೆಲ್ಲ ನಾನು ಅರ್ಧ ಗಂಟೆ ಸೇರಿಸುತ್ತೇನೆ. ಅಲ್ಲಿಗೆ ಐವತ್ತು ನಿಮಿಷ. ಬಳ್ಳಾರಿಯಿಂದ ತೋರಣಗಲ್ಲಿಗೆ ಮುಕ್ಕಾಲು ಗಂಟೆ, ವಿಮಾನ ಹೊರಡುವುದಕ್ಕೆ ಒಂದೂವರೆ ಗಂಟೆ ಮೊದಲೇ ಹಾಜರಿ, ಗೋಕುಲ ರಸ್ತೆಯ ವಿಮಾನ ನಿಲ್ದಾಣದಿಂದ ಹುಬ್ಬಳ್ಳಿ ಪೇಟೆಗೆ ಮತ್ತೆ ಅರ್ಧ ಗಂಟೆ. ಮೂರೂವರೆ ಗಂಟೆ ದಾಟಿತು. ಅದೇ ಹೊತ್ತಿಗೆ ಬಳ್ಳಾರಿಯಲ್ಲಿ ಅಮರಾವತಿ ಎಕ್ಸ್‌ಪ್ರೆಸ್ ರೈಲು ಹತ್ತಿದವರು ಗದಗ ದಾಟಿರುತ್ತಾರೆ.