ಕಿಂಡಿಗೆ ಹೆಸರಿದೆ, ಬಂಡೆಗಿಲ್ಲ

ಆರು ವರ್ಷದ ಮಕ್ಕಳಿಗೆ ನೆಗೆಟಿವ್ ಸ್ಪೇಸ್, ಅಂದರೆ ವಸ್ತುವಿನ ಸುತ್ತಲಿನ, ನಡುವಿನ ಖಾಲಿ ಜಾಗ, ತಲೆಗೆ ಹತ್ತಲ್ಲ, ಹತ್ತು ತುಂಬಲಿ ಬಿಡಿ ಅಂತ ದಾವಣಗೆರೆಯ ಗೆಳೆಯರು ಹೇಳುತ್ತಲೇ ಇದ್ದರು. ಅವರೂ ಡ್ರಾಯಿಂಗ್ ಮೇಷ್ಟ್ರೇ. ಹೋದ ಬೇಸಿಗೆಯಲ್ಲಿ ಚಿತ್ರದುರ್ಗದ ನನ್ನ ಬ್ಯಾಚಿನಲ್ಲಿ ಅದು ಹತ್ತಿತು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡು ಕಳೆದುಕೊಂಡ ಕಥೆ. ಮಾಸ್ಕಿಂಗ್ ಫ್ಲೂಯಿಡ್ ತರಿಸಿದೆ, ಬಣ್ಣ ತಾಗಬಾರದ ಕಡೆ ಬಳಿದು ಆಮೇಲೆ ಉಜ್ಜಿ ತೆಗೆಯುವ ಅಂಟು ಅದು. ಪುಟ್ಟ ಬಾಟಲಿಗೇ ಮುನ್ನೂರರ ಮೇಲಾಯಿತು. ಮಕ್ಕಳು ಬ್ರಷ್ ತೊಳೆಯದೆ ಬಿಟ್ಟರು, ಆರು ನಂಬರಿನ ಏಳೆಂಟು ಬ್ರಷ್ ಕಡ್ಡಿಯಂತಾದವು. ಉಜ್ಜಿ ತೆಗೆಯುವಾಗ ಅಗ್ಗದ ಕಾರ್ಟ್ರಿಜ್ ಹಾಳೆಯೂ ಸಿಪ್ಪೆಯ ಹಾಗೆ ಎದ್ದು ಬಂತು. ಆಮೇಲೆ ಮೇಣದಬತ್ತಿ, ಗೀಚಿದ ಕಡೆ ನೀರುಬಣ್ಣ ಹಿಡಿಯಲ್ಲ ಅಂತ. ಬಿಳಿ ಹಾಳೆ ಮೇಲೆ ಬಿಳಿ ಮೇಣ, ಎಲ್ಲಿ ಗೀಚಿದೆವು ಅಂತ ಅವರಿಗೇ ಗೊತ್ತಾಗಲಿಲ್ಲ. ಮ್ಯಾಜಿಕ್ ಅಂತ ಕುಣಿದರು, ಕಲಿತದ್ದು ಸೊನ್ನೆ. ಒಬ್ಬ ತಾಯಿ ಬಂದು, "ಸಾರ್, ಅರ್ಧ ಹಾಳೆ ಖಾಲಿ ಬಿಟ್ಟಿದಾನೆ, ಫೀಸು ಮಾತ್ರ ಪೂರ್ತಿ ತಗೊಂಡಿದೀರ" ಅಂದರು. ಆ ತಿಂಗಳು ಮೂವರು ಬಿಟ್ಟರು.

ದಾರಿ ಸಿಕ್ಕಿದ್ದು ಕೋಟೆಯಲ್ಲಿ. 15 ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ, ನನ್ನದೊಂದೇ ಖರ್ಚು. ಬಿಸಿಲೇರುವ ಮುಂಚೆ ಓಬವ್ವನ ಕಿಂಡಿ ಮುಂದೆ ಕೂರಿಸಿ, "ಕಿಂಡಿ ಒಳಗೆ ಏನಿದೆ?" ಅಂದೆ.

"ಏನೂ ಇಲ್ಲ ಸಾರ್."

"ಏನೂ ಇಲ್ಲದ್ದಕ್ಕೆ ಯಾಕ್ರೋ ಹೆಸರಿಟ್ರು? ಪಕ್ಕದ ಬಂಡೆ ಹೆಸರೇನು?"

ಯಾರೂ ಮಾತಾಡಲಿಲ್ಲ. ಅಷ್ಟೇ ಪಾಠ. ಅವತ್ತಿನಿಂದ ಖಾಲಿ ಜಾಗಕ್ಕೆ ನಮ್ಮಲ್ಲಿ ಕಿಂಡಿ ಅಂತಲೇ ಹೆಸರು. ಬಕೆಟ್ ಹಿಡಿಕೆಯ ಕಿಂಡಿ, ಕುರ್ಚಿ ಕಾಲಿನ ಕಿಂಡಿ.

ಬರೆಸುವಾಗ ಒಂದೇ ಕಟ್ಟಳೆ: ಬಂಡೆ ಮುಟ್ಟಬೇಡಿ, ಕಿಂಡಿಗೆ ಬಣ್ಣ ಹಾಕಿ. ಪೆನ್ಸಿಲ್ಲೂ ಇಲ್ಲ. ಎರಡು ಬಂಡೆ ನಡುವಿನ ಆಕಾಶಕ್ಕೆ ನೀಲಿ ತುಂಬಿದರೆ ಬಂಡೆ ತಾನೇ ಬಿಳಿಯಾಗಿ ಎದ್ದು ನಿಲ್ಲುತ್ತದೆ. ಎಂಟು ನಂಬರಿನ ದುಂಡು ಬ್ರಷ್. 300 ಜಿಎಸ್‌ಎಂ ದಪ್ಪ ಹಾಳೆ ದುಬಾರಿ, ನಾಲ್ಕು ತುಂಡು ಮಾಡಿ ಕೊಟ್ಟೆ. ನೀರು ಅಂಚು ದಾಟದಂತೆ ನಾನೊಂದು ಉಪಾಯ ಮಾಡುತ್ತೇನೆ, ಅದು ಕ್ಲಾಸಿಗೆ ಬಂದವರಿಗೆ ಮಾತ್ರ.

ಮಧ್ಯೆ ಸುಮ್ನೆ ಹಸಿ ನೀಲಿ ಮೇಲೆ ಉಪ್ಪು ಉದುರಿಸಿ ನೋಡಿದೆವು. ಪುಡಿಯುಪ್ಪಿಗೆ ಸಣ್ಣ ಚುಕ್ಕಿ, ಕಲ್ಲುಪ್ಪಿಗೆ ದೊಡ್ಡ ಹೂವು. ಪಾಠಕ್ಕೂ ಅದಕ್ಕೂ ಸಂಬಂಧವಿಲ್ಲ. ಇಬ್ಬರು ಉಪ್ಪು ತಿಂದರು.

ಒಂದನೇ ಕ್ಲಾಸಿನ ಹುಡುಗಿಯೊಬ್ಬಳು ಅಮ್ಮನನ್ನು ಬರೆದಳು. ಸೊಂಟದ ಮೇಲೆ ಕೈಯಿಟ್ಟು ಬೈಯುವ ಅಮ್ಮ. ಮೊದಲು ಹಾಕಿದ್ದು ತೋಳಿಗೂ ಸೊಂಟಕ್ಕೂ ನಡುವಿನ ಎರಡು ಮುಮ್ಮೂಲೆ ಕಿಂಡಿ, ಒಂದು ದೊಡ್ಡದು, ಒಂದು ಚಿಕ್ಕದು. ಆಮೇಲೆ ಸುತ್ತಲೂ ನೀಲಿ. ಕಣ್ಣು, ಮೂಗು ಏನೂ ಇಲ್ಲ, ಆದರೂ ಅಮ್ಮನ ಸಿಟ್ಟು ಬಾಗಿಲಿನಿಂದಲೇ ಕಾಣುತ್ತಿತ್ತು. ಫೋಟೊ ದಾವಣಗೆರೆಗೆ ಕಳಿಸಿದೆ. "ನೀವೇ ತಿದ್ದಿದೀರ ಅಲ್ವಾ?" ಅಂತ ಉತ್ತರ ಬಂತು.

ಈಗ ಬ್ಯಾಚಿನಲ್ಲಿ ಹದಿನೆಂಟು ಮಕ್ಕಳು. ಹದಿನೆಂಟು ಡಬ್ಬಿಯಲ್ಲೂ ನೀಲಿ ತಳ ಕಂಡಿದೆ, ಉಳಿದ ಬಣ್ಣ ಹೊಸದರಂತೆ ಕೂತಿವೆ. ನೀಲಿ ಟ್ಯೂಬ್ ಬೇರೆ ತರುತ್ತಿದ್ದೇನೆ. ಅದರ ದುಡ್ಡನ್ನು ಫೀಸಿಗೆ ಇನ್ನೂ ಸೇರಿಸಿಲ್ಲ.